ಮಜ್ಜಿಗೆ ಕೊಟ್ಟ ಕೈ

ಆ ಊರಿನಲ್ಲಿ ಪ್ರತಿ ಸಾವಿನ ಮೂಲವನ್ನೂ ಯಂತ್ರವೊಂದು ಹುಡುಕುತ್ತಿತ್ತು. ಕಾರಣವಾದ ಕೈಯನ್ನು ಸತ್ತವರ ಮನೆಯವರು ಚಾವಡಿಯಲ್ಲಿ ಮುರಿಯುತ್ತಿದ್ದರು. ಈ ಸಲ ಅದು ನೀಲವ್ವನ ಹೆಸರು ಹೇಳಿತು. ದಾರಿಹೋಕನೊಬ್ಬನಿಗೆ ಅವಳು ಮಜ್ಜಿಗೆ ಕೊಟ್ಟಿದ್ದಳು. ಕುಡಿಯುತ್ತ ನಿಂತು ಬಸ್ಸು ತಪ್ಪಿಸಿಕೊಂಡವನು ಲಾರಿ ಹತ್ತಿದ. ಲಾರಿ ಉರುಳಿ ಸತ್ತ.

ನೀಲವ್ವ ಬಲಗೈಯನ್ನು ಚಾವಡಿಯ ಕಲ್ಲಿನ ಮೇಲಿಟ್ಟು, ಸತ್ತವನ ಹೆಂಡತಿ ಕಾಶೀಬಾಯಿಯತ್ತ ನೋಡಿದಳು. “ನೀರಡಿಸಿ ಬಂದಿದ್ದ, ತಂಗಿ. ಹಿಂಗಾಗತೈತಿ ಅಂತ ನನಗೇನ್ ಗೊತ್ತು?”

ಕಾಶೀಬಾಯಿ ಕಬ್ಬಿಣದ ಸರಳಿನಿಂದ ಹೊಡೆದಳು. ಎಲುಬು ಮುರಿದು ರಕ್ತ ಚಿಮ್ಮಿತು. ನೀಲವ್ವನ ಚೀರಾಟಕ್ಕೆ ಕಾಶೀಬಾಯಿ ಸರಳು ಕೆಳಗಿಟ್ಟು ಕಲ್ಲಿನ ಮುಂದೆ ಕುಳಿತಳು.

“ಅವತ್ತ ಜಗಳಾ ತಗದು ಅವರ್ನ ಮನಿಯಿಂದ ಹೊರಗ ಹಾಕಿದಾಕಿ ನಾನಕ್ಕಾ,” ಎಂದು ತನ್ನ ಕೈಯನ್ನೂ ಕಲ್ಲಿನ ಮೇಲಿಟ್ಟಳು. “ಹೊಡಿ.”

“ಯಂತ್ರ ನಿಮ್ಮ ಹೆಸರು ಹೇಳಿಲ್ರೀ,” ಎಂದ ಚಾವಡಿಯ ಪೇದೆ.

ನೀಲವ್ವ ಎಡಗೈಯಲ್ಲಿ ಸರಳು ಹಿಡಿದು, ಅಳುತ್ತಲೇ ಆ ಕೈಗೆ ಹೊಡೆದಳು.