ಹುಣಸೆ ಮರದ ಬಾಣಂತಿಯರು

ಇವತ್ತೂ ಅಜ್ಜಿಗೆ ನಿಜ ಹೇಳದೆ ಇದ್ದುಬಿಡುತ್ತೇನೇನೋ ಎಂಬ ಅಳುಕು. ನಿಜವಾದ ಕೊಕ್ಕರೆಗಳು ಅಳಿದು ನಾಲ್ಕು ಬೇಸಿಗೆಯಾಯಿತು. ಈಗ ಊರ ಹುಣಸೆ ಮರದಲ್ಲಿರುವುದು, ಹಕ್ಕಿ ನೋಡಲು ಬರುವವರಿಗಾಗಿ ಕೂರಿಸಿದ ಯಂತ್ರದ ಕೊಕ್ಕರೆಗಳು. ಪದವಿ ಮುಗಿಸಿದ ನನಗೆ ಬೆಳಗಾದರೆ ಅವನ್ನು ಚಾರ್ಜಿಗೆ ಹಾಕುವ ಕೆಲಸ.

ಕಣ್ಣು ಮಂಜಾದ ಚಿಕ್ಕತಾಯಮ್ಮಜ್ಜಿಗೆ ಇದನ್ನು ಯಾರೂ ಹೇಳಿಲ್ಲ. ಗೂಡು ಕಟ್ಟಲು ಬರುವ ಕೊಕ್ಕರೆಗಳು ನಮ್ಮೂರಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಿದ್ದಂತೆ; ಮರಿಗಳು ಹಾರುವವರೆಗೆ ಹುಣಸೆಹಣ್ಣು ಉದುರಿಸಬಾರದೆಂಬುದು ಕಟ್ಟಳೆ. ನಾಲ್ಕು ವರ್ಷದಿಂದ ಅಜ್ಜಿ ಮರದ ಬುಡದಲ್ಲಿ ಕಾಯುತ್ತಿದ್ದಾಳೆ. ಹಣ್ಣಿಗೆಲ್ಲ ಕೊಂಬೆಯಲ್ಲೇ ಹುಳು ಬಿದ್ದಿದೆ.

ನಾನು ಏಣಿ ಇಳಿಯುವಾಗ ಅಜ್ಜಿ ಪಿಸುಗುಟ್ಟಿದಳು: "ಮೆಲ್ಲಗೆ ಕೂಸೇ, ಬಾಣಂತೀರು ಮಲಗವ್ರೆ. ಈ ಸಲನಾದ್ರೂ ಮರಿ ಬಂದವಾ?"

ಚಾರ್ಜು ಮುಗಿದ ಕೊಕ್ಕರೆಯೊಂದು ನನ್ನ ಕಂಕುಳಲ್ಲಿ ತಣ್ಣಗಿತ್ತು. ಅದನ್ನು ಅಜ್ಜಿಯ ಮಡಿಲಲ್ಲಿಟ್ಟೆ.

"ಇನ್ ಬರಲ್ಲ ಅಜ್ಜಿ. ನಮ್ ಹಕ್ಕಿಗಳೆಲ್ಲ ಸತ್ತೋಗವೆ," ಎಂದೆ.