ಲಗ್ನಕ್ಕೊಬ್ಬ ಮುದುಕಿ

ಮುಪ್ಪು ತಡೆಯುವ ಪ್ರಾಯದ ಸೂಜಿ ಬಂದ ಮೇಲೆ ಸಿರಿವಂತರ ಮನೆಗಳಲ್ಲಿ ತಲೆ ನರೆತವರೇ ಇಲ್ಲವಾದರು. ಹಾಗಾಗಿ ಮದುವೆಗೆ ವಾಲಗದವರ ಜೊತೆಗೆ, ಅಕ್ಷತೆ ಹಾಕಿ ಹರಸಲು ಒಬ್ಬ ಮುದುಕಿಯನ್ನೂ ಗೊತ್ತುಮಾಡುವುದು ರೂಢಿಯಾಗಿತ್ತು. ಬ್ಯಾಡಗಿಯ ಈ ಮದುವೆಗೆ ಬಂದವಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಫಕೀರವ್ವ.

ಅವಳ ಬಾಗಿದ ಬೆನ್ನು, ಬತ್ತಿದ ಕೆನ್ನೆ ನೋಡಿ ಮದುಮಗನ ಅಜ್ಜ ಹಿಗ್ಗಿದ. ಅವನ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ.

"ಭಾಳ ಚಲೋ ಮುದುಕಿ ಸಿಕ್ಕಾಳ! ಆಯೀ, ನಿಂದೆಷ್ಟ ವಯಸ್ಸು?"

"ಮೂವತ್ತಾರ್ರೀ."

"ಚ್ಯಾಷ್ಟಿ ಮಾಡಬ್ಯಾಡ."

"ಸಣ್ಣಾಕಿ ಇದ್ದಾಗಿಂದ ಗೋಡೌನಿನ್ಯಾಗ ಘಾಟು ಕುಡದೀನ್ರಿ. ಆ ಗೋಡೌನು ನಿಮ್ದರೀ."

ಅಜ್ಜ ನಕ್ಕುಬಿಟ್ಟ. "ಇರ್ಲಿ ಬಿಡು, ಕಾಣಾಕ ಮುದುಕಿ ಆದ್ರ ಸಾಕು. ಹರಸು."

ಫಕೀರವ್ವನ ಮೈಯೆಲ್ಲ ಉರಿದುಹೋಯಿತು. ಮದುಮಕ್ಕಳು ಬಂದು ಅವಳ ಕಾಲಿಗೆರಗಿದರು. ಅವಳು ಬೊಗಸೆ ತುಂಬ ಅಕ್ಷತೆ ಎತ್ತಿಕೊಂಡು, ಇಡೀ ಮಂಟಪಕ್ಕೆ ಕೇಳುವಂತೆ ಕೂಗಿದಳು:

"ನನ್ನ ಲಗ್ನದಾಗ ನಮ್ಮವ್ವ ಹರಸಿದಂಗ ಹರಸ್ತೀನಿ. ಇಬ್ರೂ ಹಣ್ಣಹಣ್ಣ ಮುದುಕರಾಗೂತನಕ ಬಾಳ್ರಿ!"

ವಾಲಗ ನಿಂತಿತು. ಮದುಮಗಳು ಕಿಟಾರನೆ ಕಿರುಚಿ, ಎರಡೂ ಕೈಗಳಿಂದ ಕೆನ್ನೆ ಮುಚ್ಚಿಕೊಂಡಳು.