ಬಾಗಿಲಲ್ಲಿ ಉಳಿದ ಚಪ್ಪಲಿ

ಕಿವಿಗೆ ಸೂಜಿ ಚುಚ್ಚಿ ಕುಡಿತ ಬಿಡಿಸುವ ಕೇಂದ್ರದ ಬಾಗಿಲಲ್ಲಿ ಸಾವಂತ್ರೆವ್ವ ಗಂಡ ಫಕೀರಪ್ಪನ ತೋಳು ಹಿಡಿದು ನಿಲ್ಲಿಸಿದಳು. ಅವನ ಬಾಯಿ ಸೆರೆ ನಾರುತ್ತಿತ್ತು.

"ಒಳಗ ಹೋಗಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಹೋಗಲಿಲ್ಲಂದ್ರೂ ಅರ್ಧಕ್ಕ ಬಿಟ್ಟಾಂವ ಅಂತಾರ, ಕುಡದು ಹೋದ್ರೂ ಅರ್ಧಕ್ಕ ಬಿಟ್ಟಾಂವ ಅಂತಾರ. ಕೈ ಬಿಡು."

ಸೂಜಿಯಿಂದ ಕುಡಿತ ಬಿಡುತ್ತದೆಯೇ ಎಂದು ಕೇಂದ್ರದವರು ನಡೆಸುವ ಅಧ್ಯಯನವನ್ನು ನಡುವೆ ಬಿಟ್ಟವರನ್ನು ಲೋಕದಿಂದಲೇ ಅಳಿಸಿಬಿಡುವುದು ಆ ಕಾಲದ ಪದ್ಧತಿ. ಅಳಿಸಿದ ಕ್ಷಣವೇ ಹೆತ್ತವರಿಗೂ ಅವರ ನೆನಪು ಹೋಗುತ್ತಿತ್ತು. ಸೂಜಿ ಹಾಕಿಸಿಕೊಂಡವರೆಲ್ಲ ಗುಣವಾದರೆಂದು ವರದಿ ಪ್ರತಿ ಸಲ ಹೇಳುತ್ತಿತ್ತು. ಉಳಿದವರನ್ನು ನೋಡಿದರೆ ಅದು ಸುಳ್ಳೂ ಆಗಿರಲಿಲ್ಲ.

ಫಕೀರಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಹೆಬ್ಬೆರಳು ತೂರಿಸುವ ಅದರ ಉಂಗುಷ್ಟ ಕಿತ್ತುಹೋಗಿದ್ದನ್ನು ಸಾವಂತ್ರೆವ್ವನೇ ಬೆಳಿಗ್ಗೆ ಕೆಂಪು ದಾರದಿಂದ ಹೊಲಿದುಕೊಟ್ಟಿದ್ದಳು. ಮದುವೆಯಾದಂದಿನಿಂದ ಗಂಡನ ಹೆಸರು ಹಿಡಿದು ಕರೆಯದವಳು, ಮರೆತೇನೆಂಬ ಭಯಕ್ಕೆ ಈಗ ಬಾಯಲ್ಲೇ ಜಪಿಸತೊಡಗಿದಳು: ಫಕೀರಪ್ಪ, ಫಕೀರಪ್ಪ, ಫಕೀರಪ್ಪ...

ತುಟಿ ತಾನಾಗಿಯೇ ನಿಂತಿತು. ತಾನು ಏನು ಹೇಳುತ್ತಿದ್ದೆನೆಂದು ಅವಳಿಗೆ ಹೊಳೆಯಲಿಲ್ಲ.

ಕಸ ಗುಡಿಸುವ ಕಸ್ತೂರಿ ದಿನದಂತೆ ಚೀಲ ಹಿಡಿದು ಬಂದಳು. ಯಾರೂ ಕೇಳದೆ ಉಳಿದ ಚಪ್ಪಲಿಗಳನ್ನು ಆಯ್ದು ಹಾಕಿಕೊಳ್ಳುತ್ತ, ಒಂದು ಜೊತೆಯನ್ನು ಎತ್ತಿ ತೋರಿಸಿದಳು.

"ಅಕ್ಕಾರ, ಇವು ನಿಮ್ಮವರವೇನ್ರಿ?"

"ಅಲ್ರಿ. ನಾ ಒಬ್ಬಾಕಿನ ಬಂದೀನಿ."

ಹಾಗೆಂದರೂ ಯಾಕೋ ಸಾವಂತ್ರೆವ್ವನ ಕೈ ಕೊರಳಿಗೆ ಹೋಯಿತು. ಅಲ್ಲೊಂದು ತಾಳಿಯಿತ್ತು. ತಾಳಿಗೆ ಸಿಕ್ಕಿಸಿದ್ದ ಸೂಜಿಯಲ್ಲಿ, ಆ ಚಪ್ಪಲಿಯ ಉಂಗುಷ್ಟದಲ್ಲಿದ್ದ ಅದೇ ಕೆಂಪು ದಾರದ ತುಂಡು ಇನ್ನೂ ನೇತಾಡುತ್ತಿತ್ತು.